ತೊಳೆಯದ ಗೊಂಬೆಗೆ ಬಣ್ಣ ನಿಲ್ಲದು

ಇಂದಿನ ಚಿಂತನೆಗೆ ಒಂದು ಪ್ರಶ್ನೆ: *ದೀಕ್ಷೆ ಪಡೆದ ಮೇಲೂ ನಮ್ಮ ಮನೆಗಳಲ್ಲಿ ಜಾತಿ ಉಳಿದಿದ್ದರೆ, ಕೊರತೆ ಧಮ್ಮದ್ದೋ ನಮ್ಮದೋ?*

ಈ ಪ್ರಶ್ನೆಯನ್ನು ನನಗೆ ಗೊತ್ತಿರುವ ಒಂದು ಕೆಲಸದ ಮೂಲಕ ನೋಡುತ್ತೇನೆ. ನಾನು ವಿನೈಲ್ ಗೊಂಬೆಗಳಿಗೆ ಏರ್‌ಬ್ರಷ್‌ನಲ್ಲಿ ಬಣ್ಣ ಹಾಕುವವನು. ಜಪಾನಿನಲ್ಲಿ ಇವುಗಳಿಗೆ 'ಸೋಫುಬಿ' ಎನ್ನುತ್ತಾರೆ, ಅಂದರೆ ಮೆತ್ತನೆಯ ವಿನೈಲ್. 1960ರ ದಶಕದಿಂದ ಅಲ್ಲಿ ಗಾಡ್ಜಿಲಾದಂಥ ದೈತ್ಯಪ್ರಾಣಿಗಳ ಗೊಂಬೆಗಳು ಹೀಗೇ ತಯಾರಾಗುತ್ತಿವೆ. ಆಮೇಲೆ ಹಾಂಗ್ ಕಾಂಗ್, ಅಮೆರಿಕದ ಕಲಾವಿದರೂ ಇದನ್ನು ಕೈಗೆತ್ತಿಕೊಂಡರು. ಈಗ ಬಣ್ಣವಿಲ್ಲದ ಖಾಲಿ ಗೊಂಬೆಗಳೇ ಮಾರಾಟಕ್ಕೆ ಸಿಗುತ್ತವೆ. ಕೊಂಡವರು ತಮಗೆ ಬೇಕಾದ ರೂಪ ಕೊಟ್ಟುಕೊಳ್ಳಬಹುದು.

ಈ ಕೆಲಸದ ಮೊದಲ ಪಾಠ ಬಣ್ಣದ್ದಲ್ಲ, ಸೋಪಿನದು.

ಹೊಸ ಗೊಂಬೆ ನೋಡಲು ಸ್ವಚ್ಛವಾಗಿಯೇ ಇರುತ್ತದೆ. ಆದರೆ ಅದರ ಮೈಮೇಲೆ ಕಣ್ಣಿಗೆ ಕಾಣದ ಜಿಡ್ಡು ಇರುತ್ತದೆ. ಅಚ್ಚಿನಿಂದ ಸಲೀಸಾಗಿ ಬಿಡಿಸಲು ಏನಾದರೂ ಸವರಿದ್ದರೆ ಅದು, ಮುಟ್ಟಿದವರ ಕೈಯ ಎಣ್ಣೆ, ಇವೆಲ್ಲ ಹೊರಗಿನಿಂದ ಬಂದದ್ದು. ಒಳಗಿನಿಂದ ಬರುವುದೂ ಉಂಟು. ಪಿವಿಸಿ ಮೂಲತಃ ಗಟ್ಟಿ ಪ್ಲಾಸ್ಟಿಕ್. ಅದು ಮೆತ್ತಗಾಗಲಿ ಎಂದು ಎಣ್ಣೆಯಂಥ ರಾಸಾಯನಿಕ ಬೆರೆಸಿರುತ್ತಾರೆ. ಅದು ದಿನ ಕಳೆದಂತೆ ನಿಧಾನವಾಗಿ ಮೇಲಕ್ಕೆ ಒಸರುತ್ತದೆ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಉಜ್ಜಿ, ಪೂರ್ತಿ ಒಣಗಿಸಿದ ಮೇಲೆಯೇ ಬಣ್ಣ. ತೊಳೆಯದೆ ಹಾಕಿದರೆ ಎಷ್ಟು ದುಬಾರಿ ಬಣ್ಣವಾದರೂ ಉಗುರು ತಾಗಿದೊಡನೆ ಪೊರೆಯಂತೆ ಕಿತ್ತು ಬರುತ್ತದೆ. ಬಣ್ಣವನ್ನು ಬೈದು ಪ್ರಯೋಜನವಿಲ್ಲ.

ಭಗವಾನ್ ಬುದ್ಧರು ಇದೇ ಮಾತನ್ನು ಬಟ್ಟೆಯ ಉದಾಹರಣೆಯಲ್ಲಿ ಹೇಳಿದ್ದಾರೆ. ಮಜ್ಝಿಮ ನಿಕಾಯದ 7ನೆಯ ಸುತ್ತ, ವತ್ಥೂಪಮ ಸುತ್ತ. ಕೊಳೆಯಾದ ಬಟ್ಟೆಯನ್ನು ಬಣ್ಣಗಾರ ನೀಲಿಯಲ್ಲಿ ಅದ್ದಲಿ, ಹಳದಿಯಲ್ಲಿ ಅದ್ದಲಿ, ಬಣ್ಣ ಮಂಕಾಗಿಯೇ ಕೂರುತ್ತದೆ. ಶುಭ್ರವಾದ ಬಟ್ಟೆಗೆ ಅದೇ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಬಣ್ಣವೂ ಅದೇ, ಬಣ್ಣಗಾರನೂ ಅವನೇ. ವ್ಯತ್ಯಾಸ ಇರುವುದು ಬಟ್ಟೆಯಲ್ಲಿ. ಮನಸ್ಸೂ ಹಾಗೆಯೇ ಎನ್ನುತ್ತಾರೆ ಬುದ್ಧರು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. 'ತೊಳೆಯಬೇಕು', 'ಕೊಳೆ' ಎಂಬ ಮಾತುಗಳು ನಮಗೆ ಚುಚ್ಚುತ್ತವೆ. ನಮ್ಮ ಅಜ್ಜ ಅಜ್ಜಿಯರನ್ನು ಕೆರೆಯಿಂದ, ಬಾವಿಯಿಂದ, ಗುಡಿಯಿಂದ ದೂರವಿಟ್ಟದ್ದು ಇದೇ ಮಾತುಗಳಿಂದ. ಹಾಗಾದರೆ ಬುದ್ಧರೂ ನಮ್ಮನ್ನು ಕೊಳಕರು ಎನ್ನುತ್ತಿದ್ದಾರೆಯೇ?

ಸುತ್ತವನ್ನು ತೆರೆದು ನೋಡಿ. ಮನಸ್ಸಿನ ಕೊಳೆಗಳು ಎಂದು ಅವರು 16 ಹೆಸರು ಹೇಳುತ್ತಾರೆ. ಲೋಭ, ದ್ವೇಷ, ಕ್ರೋಧ, ಅಸೂಯೆ, ಜಿಪುಣತನ, ವಂಚನೆ, ಮಾನ, ಅತಿಮಾನ, ಮದ, ಪ್ರಮಾದ ಅದರಲ್ಲಿ ಸೇರಿವೆ. ಆ ಪಟ್ಟಿಯಲ್ಲಿ ಹುಟ್ಟು ಇಲ್ಲ. ಕಸುಬು ಇಲ್ಲ. ಊಟದ ಪದಾರ್ಥ ಇಲ್ಲ. ಚರ್ಮದ ಬಣ್ಣ ಇಲ್ಲ. ಇರುವುದು 'ನಾನು ಮೇಲು' ಎಂಬ ಮಾನ, 'ಅವನು ಕೀಳು' ಎಂದು ಕಾಣುವ ಅತಿಮಾನ. *ಅಂದರೆ ಕೊಳೆಯಾದವನು ಮುಟ್ಟಿಸಿಕೊಳ್ಳದವನೇ ಹೊರತು, ದೂರ ನಿಲ್ಲಿಸಲ್ಪಟ್ಟವನಲ್ಲ.* ಅದೇ ಸುತ್ತದ ಕೊನೆಯಲ್ಲಿ ಒಬ್ಬ ಬ್ರಾಹ್ಮಣ ಪುಣ್ಯನದಿಯ ಸ್ನಾನದ ಮಾತೆತ್ತುತ್ತಾನೆ. ನದಿಯ ನೀರು ಕೆಟ್ಟ ಕೆಲಸವನ್ನು ತೊಳೆಯಲಾರದು, ಎಲ್ಲ ಜೀವಿಗಳ ಮೇಲಿನ ಮೈತ್ರಿಯೇ ನಿಜವಾದ ಸ್ನಾನ ಎಂಬುದು ಬುದ್ಧರ ಉತ್ತರದ ಸಾರ.

ಈಗ ಬಣ್ಣಕ್ಕೆ ಬರೋಣ. ಕನ್ನಡದ 'ಬಣ್ಣ' ಎಂಬ ಪದ 'ವರ್ಣ'ದಿಂದಲೇ ಬಂದದ್ದು. ಪಾಲಿಯಲ್ಲಿ 'ವಣ್ಣ' ಎಂದರೆ ಬಣ್ಣವೂ ಹೌದು, ಚಾತುರ್ವರ್ಣ್ಯದ ವರ್ಣವೂ ಹೌದು. ಬಣ್ಣ ಹಾಕುವ ನನಗೆ ಒಂದಂತೂ ಗೊತ್ತು: ವರ್ಣ ಎಂಬುದು ಮೇಲೆ ಬಳಿದದ್ದು. ಬಿಳಿ ಗೊಂಬೆಯನ್ನೂ ಕಪ್ಪು ಗೊಂಬೆಯನ್ನೂ ಕೊಯ್ದು ನೋಡಿದರೆ ಒಳಗೆ ಅದೇ ವಿನೈಲ್, ಅದೇ ಟೊಳ್ಳು. ವಾಸೆಟ್ಠ ಸುತ್ತದಲ್ಲಿ ಬುದ್ಧರು ಹುಲ್ಲು, ಮರ, ಹುಳು, ಹಾವು, ಮೀನು, ಹಕ್ಕಿ ಇವುಗಳಲ್ಲಿ ಹುಟ್ಟಿನಿಂದಲೇ ಜಾತಿಭೇದದ ಗುರುತು ಇದೆ, ಮನುಷ್ಯರಲ್ಲಿ ಅಂಥ ಗುರುತಿಲ್ಲ ಎಂದು ಒಂದೊಂದಾಗಿ ವಿವರಿಸುತ್ತಾರೆ.

ಆದರೆ ಮೇಲೆ ಬಳಿದದ್ದು ಎಂದ ಮಾತ್ರಕ್ಕೆ ಅದು ಗಾಯ ಮಾಡುವುದಿಲ್ಲವೆಂದಲ್ಲ. ಅಮೆರಿಕದ ಕ್ರೆಯೋಲಾ ಕಂಪನಿಯ ಒಂದು ಬಳಪಕ್ಕೆ 1962ರವರೆಗೆ 'ಚರ್ಮದ ಬಣ್ಣ' ಎಂಬ ಅರ್ಥದ ಹೆಸರಿತ್ತು. ಯಾರ ಚರ್ಮ? ಬಿಳಿಯರದು. ಅದಕ್ಕೂ ಮೊದಲು, 1940ರ ದಶಕದಲ್ಲಿ, ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಎಂಬ ಕಪ್ಪು ದಂಪತಿ 253 ಕಪ್ಪು ಮಕ್ಕಳ ಮುಂದೆ ಬಣ್ಣವೊಂದು ಬಿಟ್ಟು ಉಳಿದೆಲ್ಲದರಲ್ಲೂ ಒಂದೇ ಥರ ಇದ್ದ ಗೊಂಬೆಗಳನ್ನಿಟ್ಟರು. ಆಡಲು ಯಾವುದು ಬೇಕು ಎಂದು ಕೇಳಿದಾಗ ಮೂವರಲ್ಲಿ ಇಬ್ಬರಂತೆ ಮಕ್ಕಳು ಬಿಳಿ ಗೊಂಬೆಯನ್ನು ಆರಿಸಿದರು. ಶಾಲೆಗಳಲ್ಲಿ ಬಣ್ಣಭೇದ ಸಂವಿಧಾನಬಾಹಿರ ಎಂದು 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ ಕ್ಲಾರ್ಕ್ ಅವರ ಕೆಲಸದ ಉಲ್ಲೇಖವಿದೆ. ಈ ದಂಪತಿ ಡಾಕ್ಟರೇಟ್ ಪಡೆದದ್ದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, 1913ರಿಂದ 1916ರವರೆಗೆ ನಮ್ಮ ಬಾಬಾಸಾಹೇಬರು ಓದಿದ ಅದೇ ಜಾಗದಲ್ಲಿ.

ಆ ಮಕ್ಕಳಿಗೆ ತಮ್ಮನ್ನೇ ಕೀಳಾಗಿ ನೋಡುವುದನ್ನು ಕಲಿಸಿದವರು ಯಾರು? ಸುತ್ತಲಿನ ಜಗತ್ತು. ಹೊರಗಿನಿಂದ ಅಂಟಿದ ಜಿಡ್ಡು ಎಂದರೆ ಇದು. ನಮಗೂ ಅಂಟಿದೆ. ಸೊಸೆ ಬೆಳ್ಳಗಿರಬೇಕು ಎಂದು ನಮ್ಮ ಮನೆಗಳಲ್ಲೂ ಕೇಳುತ್ತಾರೆ. ಬಾಬಾಸಾಹೇಬರ ಗೊಂಬೆಗೆ ಬಣ್ಣ ಹಾಕಿಸುವಾಗಲೂ 'ಸ್ವಲ್ಪ ಬೆಳ್ಳಗೆ ಮಾಡಿಕೊಡಿ ಅಣ್ಣಾ' ಎನ್ನುವವರಿದ್ದಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಗೌರವ ಹೆಚ್ಚಲು ಬಣ್ಣ ತಿಳಿಯಾಗಬೇಕು ಎಂಬ ಲೆಕ್ಕ ಯಾರು ಕಲಿಸಿದ್ದು ಎಂದು ಯೋಚಿಸಬೇಕಲ್ಲವೇ?

ಇನ್ನು ಒಳಗಿನಿಂದ ಒಸರುವ ಜಿಡ್ಡು. ಜಾತಿಯೆಂಬುದು ಮೆಟ್ಟಿಲು ಮೆಟ್ಟಿಲಾದ ಅಸಮಾನತೆ ಎಂದು ಬಾಬಾಸಾಹೇಬರು ತೋರಿಸಿಕೊಟ್ಟರು. ಎಲ್ಲರಿಗೂ ತುಳಿಯಲು ಕೆಳಗೊಬ್ಬರು ಸಿಗುವಂತೆ ಅದರ ಏರ್ಪಾಡು. ಹಾಗಾಗಿಯೇ ವಿಹಾರದಲ್ಲಿ ಪಕ್ಕಪಕ್ಕ ಕೂತು ತ್ರಿಸರಣ ಹೇಳಿದವರು ಸಂಬಂಧ ಬೆಳೆಸುವಾಗ 'ಎಡಗೈಯೋ ಬಲಗೈಯೋ' ಎಂದು ಮೆಲ್ಲಗೆ ವಿಚಾರಿಸುತ್ತಾರೆ. ಒಳಮೀಸಲಾತಿಯ ನ್ಯಾಯಕ್ಕಾಗಿ ಜಾತಿಯ ಹೆಸರು ಹೇಳುವುದು ಬೇರೆ, ಅದು ಪಾಲಿನ ಲೆಕ್ಕ. ಹೆಣ್ಣು ಗಂಡು ನೋಡುವಾಗ ಕೇಳುವುದು ಬೇರೆ, ಅದು ಮಾನ, ಅತಿಮಾನ.

ಕೊನೆಯ ಹಂತ ಕ್ಲಿಯರ್ ಕೋಟ್. ಬಣ್ಣ ಉಜ್ಜಿಹೋಗದಂತೆ ಅದರ ಮೇಲೆ ಹಾಕುವ ಪಾರದರ್ಶಕ ಪದರ. ಅದಕ್ಕೊಂದು ಸ್ವಭಾವವಿದೆ. ಅದು ಏನನ್ನೂ ಮುಚ್ಚುವುದಿಲ್ಲ, ಇದ್ದದ್ದನ್ನೆಲ್ಲ ಹಾಗೇ ಹಿಡಿದಿಡುತ್ತದೆ. ಕೆಳಗೆ ಒಂದು ಕೂದಲೆಳೆ, ಒಂದು ಬೆರಳಿನ ಗುರುತು ಉಳಿದಿದ್ದರೆ ಅದೂ ಬಂದಿ. ಮಳೆಗಾಲದ ತೇವದಲ್ಲಿ ಲ್ಯಾಕರ್ ಹೊಡೆದರೆ ಬಿಳಿ ಮಂಜು ಕಟ್ಟುತ್ತದೆ. ಕೆಲವು ಸ್ಪ್ರೇ ಡಬ್ಬಿಗಳ ಕೋಟ್ ಮೆತ್ತನೆಯ ವಿನೈಲ್ ಮೇಲೆ ಒಣಗದೆ ಅಂಟಂಟಾಗಿಯೇ ಇರುತ್ತದೆ. ಆದ್ದರಿಂದ ಮೊದಲು ಪಾದದ ಅಡಿಯಲ್ಲಿ ಪರೀಕ್ಷಿಸಿ ನೋಡುತ್ತೇವೆ. ನಮ್ಮ ನೀಲಿ ಬಾವುಟ, ಪಂಚಶೀಲ ಧ್ವಜ, ಗೋಡೆಯ ಮೇಲಿನ ಫೋಟೋ, ಬದಲಾದ ಹೆಸರು ಇವೆಲ್ಲ ಬೇಕು. ಅವು ನಮ್ಮನ್ನು ಕಾಪಾಡುತ್ತವೆ. ಆದರೆ ಮಾನವನ್ನು ಒಳಗಿಟ್ಟುಕೊಂಡು ಮೇಲೆ ಅವನ್ನು ಹೊದ್ದರೆ, ಆ ಹೊಳಪಿನ ಅಡಿಯಲ್ಲಿ ಜಾತಿಯೂ ಭದ್ರವಾಗಿ ಉಳಿಯುತ್ತದೆ.

'ಹಾಗಾದರೆ ಮನಸ್ಸು ಪೂರ್ತಿ ಶುದ್ಧವಾಗುವವರೆಗೆ ದೀಕ್ಷೆ ಪಡೆಯಬಾರದೇ?' ಎಂದು ಯಾರಾದರೂ ಕೇಳಬಹುದು. ಖಂಡಿತ ಹಾಗಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಸೇರಿದ ಲಕ್ಷಾಂತರ ಜನರಿಗೆ ಬಾಬಾಸಾಹೇಬರು ಶುದ್ಧಿಯ ಪರೀಕ್ಷೆ ಇಡಲಿಲ್ಲ. 22 ಪ್ರತಿಜ್ಞೆ ಕೊಟ್ಟರು. ಅದರಲ್ಲಿ ಸಮತೆಯನ್ನು ನಂಬುವ ಮಾತೂ ಇದೆ, ಅದನ್ನು ಸ್ಥಾಪಿಸಲು ಶ್ರಮಿಸುವ ಮಾತೂ ಇದೆ. ಶ್ರಮಿಸುವುದು ಒಂದು ದಿನದ ಕೆಲಸವಲ್ಲ.

ಗೊಂಬೆಗೂ ನಮಗೂ ವ್ಯತ್ಯಾಸ ಇರುವುದು ಇಲ್ಲಿಯೇ. ಗೊಂಬೆ ತನ್ನನ್ನು ತಾನು ತೊಳೆದುಕೊಳ್ಳಲಾರದು. ಕ್ಲಿಯರ್ ಕೋಟ್ ಬಿದ್ದ ಮೇಲೆ ಅದರ ಕತೆ ಮುಗಿಯಿತು. ಮನುಷ್ಯನಿಗೆ ಕೊನೆಯ ಪದರ ಎಂಬುದಿಲ್ಲ. ಜಿಡ್ಡು ದಿನವೂ ಒಸರುತ್ತದೆ, ಅದಕ್ಕೇ ಪಂಚಶೀಲವನ್ನು ದಿನವೂ ಹೇಳುತ್ತೇವೆ. ಏರ್‌ಬ್ರಷ್‌ನಲ್ಲಿಯೂ ಒಂದೇ ಸಲ ದಪ್ಪಗೆ ಹೊಡೆದರೆ ಬಣ್ಣ ಸೋರುತ್ತದೆ. ಹಾಲಿನಷ್ಟು ತೆಳ್ಳಗೆ ಕಲಸಿ, ಒಣಗಲು ಬಿಟ್ಟು, ಮತ್ತೆ ಮತ್ತೆ ತೆಳುವಾಗಿ ಹಾಯಿಸಬೇಕು. ಶೀಲವೂ ಹಾಗೆಯೇ ಕೂರುತ್ತದೆ.

ಆದ್ದರಿಂದ ಮೊದಲ ಪ್ರಶ್ನೆಗೆ ನನ್ನ ಉತ್ತರ: ಕೊರತೆ ಬಣ್ಣದ್ದಲ್ಲ. ತೊಳೆಯುವ ಕೆಲಸ ಬಾಕಿ ಇದೆ, ಅದನ್ನು ನಾವೇ ಮಾಡಬೇಕು.

*ಇಂದಿನ ಅಭ್ಯಾಸ:* ಯಾರದಾದರೂ ಹೆಸರು, ಊರು, ಕೇರಿ ಕೇಳಿದ ಕೂಡಲೇ ಮನಸ್ಸು ಮೇಲೆ ಕೆಳಗೆ ಎಂದು ಅಳೆಯಲು ಹೊರಟರೆ, ಅದನ್ನು ಗಮನಿಸಿ. 'ಇದು ಮಾನ' ಎಂದು ಮನದಲ್ಲೇ ಹೆಸರಿಡಿ. ಆಮೇಲೆ ಅವರೊಂದಿಗೆ ಮಾತು ಮುಂದುವರಿಸಿ.

ನಮೋ ಬುದ್ಧಾಯ. ಜೈ ಭೀಮ್.