ಸೋಪಿಗೆ ಹೋಗದ ಕೊಳೆ



ಭಾನುವಾರ ಸರಗೂರಿನ ಮನೆಯಲ್ಲಿ ಮೊದಲ ಸಲ ಗ್ಲಿಸರಿನ್ ಸೋಪು ಮಾಡಿದೆ. ಸೋಪ್ ಬೇಸನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಬೇಕು, ಕುದಿಸಬಾರದು. ನಾನು ಅವಸರಕ್ಕೆ ಕುದಿಸಿದೆ, ಗುಳ್ಳೆಯೆದ್ದು ಮಬ್ಬಾಯಿತು. ಇನ್ನೊಂದು ಸಲ ಸಣ್ಣ ಉರಿಯಲ್ಲಿ ಕರಗಿಸಿದಾಗ ಗಾಜಿನಂತೆ ತಿಳಿಯಾಯಿತು.

ಅವ್ವ ನೆನಪಾದಳು. 'ಯಾರೂ ಕೊಳಕು ಅನ್ನಬಾರದು' ಅಂತ ಮೈ ಕೆಂಪಾಗುವಂತೆ ಉಜ್ಜುತ್ತಿದ್ದಳು. ಆದರೂ ಟೀ ಅಂಗಡಿಯಲ್ಲಿ ನಮಗೆ ಬೇರೆ ಲೋಟ. ಕೊಳೆ ಇದ್ದದ್ದು ನನ್ನ ಮೈಮೇಲಲ್ಲ.

ವತ್ಥೂಪಮ ಸುತ್ತದಲ್ಲಿ ಭಗವಾನ್ ಬುದ್ಧರು ಸುಂದರಿಕ ಭಾರದ್ವಾಜನಿಗೆ ತಿಳಿಸಿದ್ದೂ ಇದೇ: ನದಿಯಲ್ಲಿ ಮಿಂದರೆ ಕೆಟ್ಟ ಕರ್ಮ ತೊಳೆಯದು, ಮನಸ್ಸು ಶುದ್ಧವಾಗಬೇಕು. ನಮ್ಮ ಕಪಿಲೆಯಲ್ಲಿ ಮಿಂದರೂ ಅಷ್ಟೇ.

ಆದರೆ ಆ ಲೋಟ ನೆನೆದರೆ ನನ್ನೊಳಗೂ ದ್ವೇಷ ಕುದಿಯುತ್ತದೆ. ಕುದಿದರೆ ನಾನೂ ಮಬ್ಬು. ಹಕ್ಕಿನ ಹೋರಾಟ ಬಿಡುವುದಿಲ್ಲ; ದ್ವೇಷ ಬಿಡಲು ಇವತ್ತು ಹತ್ತು ನಿಮಿಷ ಮೈತ್ರಿ ಧ್ಯಾನಕ್ಕೆ ಕೂರುತ್ತೇನೆ. ನೀವೂ ಕೂರಿ.