ಜೆಟ್ಟಿನ ಬೆಲೆ, ಕೈಯ ಬೆಲೆ

ಮನೆಯ ಮೋಟಾರ್ ಸೈಕಲ್ಲಿನ ಕಾರ್ಬ್ಯುರೇಟರನ್ನು ನಾವೇ ಬಿಚ್ಚಿ ಶುಚಿ ಮಾಡಿಕೊಳ್ಳಬಹುದೇ ಎಂದು ಕೇಳಿದರೆ, ಧಾರಾಳವಾಗಿ ಎಂದು ಹೇಳಬಹುದು. ಹಾಗೆ ಮಾಡಿಕೊಳ್ಳುವುದು ನ್ಯಾಯವೇ ಎಂದು ಕೇಳಿದರೆ ಮಾತ್ರ ತುಸು ಯೋಚಿಸಬೇಕಾಗುತ್ತದೆ. ಏಕೆಂದರೆ ಅದು ಬೀದಿಯ ತಿರುವಿನಲ್ಲಿ ಕುಳಿತ ಮೆಕ್ಯಾನಿಕ್ಕಿನ ಅನ್ನ. ಅವನೂ ಎಷ್ಟೋ ವೇಳೆ ನಮ್ಮಂತೆಯೇ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವನು.

2020ರ ಏಪ್ರಿಲಿನಲ್ಲಿ ಬಿ.ಎಸ್.-6 ನಿಯಮ ಜಾರಿಯಾದ ಮೇಲೆ ಹೊಸ ಬೈಕುಗಳಲ್ಲಿ ಬಹುಮಟ್ಟಿಗೆ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಆದರೂ ಹಳೆಯ ಗಾಡಿಗಳು ಮನೆಗಳಲ್ಲಿ ಇನ್ನೂ ಇವೆ. ಮೈಸೂರಿನಲ್ಲಿ 1996ರವರೆಗೆ ತಯಾರಾಗುತ್ತಿದ್ದ ಯೆಜ್ಡಿಯನ್ನು ಅಕ್ಕರೆಯಿಂದ ಉಳಿಸಿಕೊಂಡವರೂ ಉಂಟು. ಗಾಡಿ ತಿಂಗಳುಗಟ್ಟಲೆ ನಿಂತರೆ ಪೆಟ್ರೋಲು ಆರಿ, ಉಳಿದ ಅಂಟು ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ.

ಅದರ ತತ್ತ್ವ ಸರಳವಾದುದು. ಎಂಜಿನ್ ಒಳಗೆಳೆಯುವ ಗಾಳಿ ಇಕ್ಕಟ್ಟಾದ ಕೊಳವೆಯನ್ನು ಹಾಯುವಾಗ ವೇಗ ಹೆಚ್ಚಿ ಒತ್ತಡ ತಗ್ಗುತ್ತದೆ. ಆಗ ಕೆಳಗಿನ ಬಟ್ಟಲಿನ ಪೆಟ್ರೋಲು ಜೆಟ್ ಎಂಬ ಹಿತ್ತಾಳೆಯ ತುಣುಕಿನ ರಂಧ್ರದಿಂದ ಮೇಲೆದ್ದು ಗಾಳಿಯೊಡನೆ ಬೆರೆಯುತ್ತದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 15 ಪಾಲು ಗಾಳಿ ಬೇಕು.

ಹೊಸಬರು ಮೊದಲು ಎಂಜಿನ್ ತಣ್ಣಗಾಗಲು ಬಿಟ್ಟು ಪೆಟ್ರೋಲ್ ಕಾಕನ್ನು ಮುಚ್ಚಬೇಕು. ಗಾಳಿಯಾಡುವ ಜಾಗದಲ್ಲಿ, ದೀಪ, ಸ್ಟೌ, ಸಿಗರೇಟುಗಳಿಂದ ದೂರ ಕೂರಬೇಕು. ಬಟ್ಟಲಿನ ಪೆಟ್ರೋಲನ್ನು ಮೋರಿಗೆ ಚೆಲ್ಲದೆ ಡಬ್ಬಿಗೆ ಬಸಿಯಬೇಕು. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಬಿಳಿಯ ಬಟ್ಟೆಯ ಮೇಲೆ ಇಡಬೇಕು. ಏರ್ ಸ್ಕ್ರೂವನ್ನು ತೆಗೆಯುವ ಮುನ್ನ ಮೆಲ್ಲಗೆ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತು ಹೋಯಿತೆಂದು ಬರೆದಿಟ್ಟುಕೊಂಡರೆ, ಜೋಡಿಸುವಾಗ ಕೊನೆಯವರೆಗೆ ತಿರುಗಿಸಿ ಅಷ್ಟೇ ಸುತ್ತು ಹೊರಕ್ಕೆ ತರಬಹುದು. ರಬ್ಬರಿನ ಭಾಗಗಳನ್ನು ಬೇರೆಯಿಟ್ಟು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಕ್ಲೀನರ್ ಸ್ಪ್ರೇಯಿಂದ ರಂಧ್ರಗಳನ್ನು ತೊಳೆಯಬೇಕು. ಜೆಟ್ಟಿಗೆ ಸೂಜಿ, ತಂತಿಗಳನ್ನು ತುರುಕಲೇಬಾರದು. ಹಿತ್ತಾಳೆ ಮೆದು, ರಂಧ್ರ ಕೂದಲೆಳೆಯಷ್ಟು ಅಗಲವಾದರೂ ಅಳತೆ ಕೆಟ್ಟು, ಗಾಡಿ ಪೆಟ್ರೋಲು ಕುಡಿಯತೊಡಗುತ್ತದೆ.

ಇದರಿಂದ ಮೆಕ್ಯಾನಿಕ್ಕಿಗೆ ಅನ್ಯಾಯವಾಯಿತೇ? ಇಲ್ಲ. ಮನೆಯಲ್ಲಿ ಅಡಿಗೆ ಮಾಡಿಕೊಂಡವರು ಉಡುಪಿ ಹೋಟೆಲಿನವರಿಗೆ ದ್ರೋಹ ಬಗೆದಂತಲ್ಲ. ತನ್ನ ವಸ್ತುವನ್ನು ತಾನೇ ನೋಡಿಕೊಳ್ಳುವುದು ಯಾರ ಹಕ್ಕಿಗೂ ಅಡ್ಡಿಯಲ್ಲ. ಅನ್ಯಾಯ ನಡೆಯುವುದು ಬೇರೆ ಕಡೆ. ಹೊಸ ಜೆಟ್ ಕೊಳ್ಳುವಾಗ ಪೊಟ್ಟಣದ ಮೇಲೆ ಅಚ್ಚಾದ ಬೆಲೆಯನ್ನು ಮರುಮಾತಿಲ್ಲದೆ ಕೊಡುತ್ತೇವೆ. ಕೈಕೂಲಿ ಎಲ್ಲಿಯೂ ಅಚ್ಚಾಗಿಲ್ಲವಲ್ಲ, ಅಲ್ಲಿ ಚೌಕಾಶಿಗೆ ಇಳಿಯುತ್ತೇವೆ. ‘ಅರ್ಧ ಗಂಟೆಯ ಕೆಲಸಕ್ಕೆ ಇಷ್ಟೊಂದೇ?’ ಎನ್ನುತ್ತೇವೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಮಕ್ಕಳಿಗೆ ಹೇಳಿಕೊಡುವವರೂ ನಾವೇ. ಪಟ್ಟಣದಲ್ಲಿ ಮಾತ್ರ ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ ಎಂಬಂತಾಗಿದೆ.

ಲೇಖನಿ ಹಿಡಿದು ಅಭ್ಯಾಸವಾದ ಕೈಗೆ ಆ ಅರ್ಧ ಗಂಟೆಯ ಕೆಲಸ ಒಂದು ಭಾನುವಾರದ ಬೆಳಗನ್ನೆಲ್ಲ ನುಂಗುತ್ತದೆ. ಅವನ ಅರ್ಧ ಗಂಟೆಯೊಳಗೆ ಹತ್ತಾರು ವರ್ಷಗಳ ಕಲಿಕೆ ಇದೆಯೆಂಬುದು ಆಗ ಮನದಟ್ಟಾಗುತ್ತದೆ. ಅರ್ಧ ಕಲಿತವನು ಆ ಕಲಿಕೆಯನ್ನು ಕೂಲಿ ಇಳಿಸುವ ಉಪಾಯವಾಗಿಯೂ ಬಳಸಬಲ್ಲ, ಅಪಾಯವಿರುವುದು ಅಲ್ಲಿಯೇ. ಆದ್ದರಿಂದ ಈ ಕೆಲಸವನ್ನು ಕಲಿಯೋಣ, ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳೋಣ. ನಮ್ಮ ಕೈಗೆ ಮೀರಿದ್ದನ್ನು ಮೆಕ್ಯಾನಿಕ್ಕಿಗೆ ಒಪ್ಪಿಸಿ, ಅವನು ಹೇಳಿದ ಕೂಲಿಯನ್ನು ಜೆಟ್ಟಿನ ಬೆಲೆಯಂತೆಯೇ ಎಣಿಸಿ ಕೊಡೋಣ.