ಯಾಚನೆಯೂ ದಾಸೋಹವೂ

ಕೃಷ್ಣಾ ಭೀಮೆಗಳ ನಡುವಣ ವಡಗೇರಾ ಸೀಮೆಯಲ್ಲಿ ಜಾತ್ರೆಯ ದಾಸೋಹಕ್ಕೆಂದು ಪಟ್ಟಿ ಎತ್ತುವವರು ಬಾಗಿಲಿಗೆ ಬಂದಾಗ, ಜೋಳವನ್ನು ಒಲವಿನಿಂದ ಅಳೆದುಕೊಡುವವನೂ ಉಂಟು, ನೆರೆಯವರ ಕಣ್ಣಿಗಂಜಿ ಕೊಡುವವನೂ ಉಂಟು. ಎರಡನೆಯವನದು ದಾನವೆನಿಸುವುದೇ? 12ನೆಯ ಶತಮಾನದಲ್ಲಿ, ಬಸವಣ್ಣನವರ ಮಹಾಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನಾಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಹೆಚ್ಚು ತಂದಾಗ, ಸತಿ ಲಕ್ಕಮ್ಮ ಅದನ್ನು ಹಿಂದಿರುಗಿಸಹೇಳಿದಳೆಂಬ ಕಥೆಯಲ್ಲಿ, ದಾಸೋಹದ ಮಿತಿಯನ್ನು ಮಾಡುವವರ ಅಂತಃಕರಣವೇ ನಿಶ್ಚಯಿಸತಕ್ಕದ್ದೆಂಬ ಭಾವವಿದೆ.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ಜ್ಞಾನದಾಸೋಹವೇ. ಬರೆಯಿರಿ, ತಿದ್ದಿರಿ ಎಂಬ ಕರೆಯು ಪುಟದಲ್ಲಿ ಕಾಣದಿದ್ದರೆ ಹೊಸಬನು ಹೊಸ್ತಿಲಲ್ಲೇ ನಿಂತಾನು, ನಿಜ. ಆದರೆ ಓದಲೆಂದೇ ಬಂದವನು ಒಮ್ಮೆ ಸಾಕೆಂದ ಬಳಿಕ ಆ ಕರೆಯು ಮತ್ತೆ ತಲೆಯೆತ್ತುವುದು ಯಾಚನೆಯಲ್ಲ, ಪೀಡನೆ. ಆದುದರಿಂದ ಅದನ್ನು ನಿಲ್ಲಿಸುವ ಗುಂಡಿಯು ಆದ್ಯತೆಗಳ ಪುಟದೊಳಗೆಲ್ಲೋ ಹುದುಗಿರದೆ, ಕರೆಯ ಪಕ್ಕದಲ್ಲಿಯೇ ಇರುವುದು ಉಚಿತವೆಂದು ನನ್ನ ಮತ.